ಕೆಂಪು ಹೂವಿನ 'ಕ್ವಿನ್ಸ್' ಮುಂಬೈನಲ್ಲಿ ಅರಳುವುದಿಲ್ಲ ಏಕೆ? ಬಾಲ್ಕನಿಗೆ ಬದಲಿ ಗಿಡ ಯಾವುದು? ಇಲ್ಲಿದೆ ಪೂರ್ಣ ಮಾಹಿತಿ

ಮುಂಬೈ: ಎಲೆಯೇ ಇಲ್ಲದ ಕಪ್ಪು ಕೊಂಬೆ, ಅದರ ತುಂಬ ಕೆಂಪು, ಗುಲಾಬಿ, ಬಿಳಿ ಹೂಗಳು. ಜಪಾನ್, ಚೀನಾದ ವಸಂತಕಾಲದ ಫೋಟೊಗಳಲ್ಲಿ ಕಾಣುವ ಈ ಪೊದೆಗಿಡದ ಹೆಸರು ಫ್ಲವರಿಂಗ್ ಕ್ವಿನ್ಸ್. ಇಂಥ ಚಳಿ ನಾಡಿನ ಗಿಡಗಳ ಸಸಿ, ಬೀಜಗಳು ಈಗ ಆನ್‌ಲೈನ್‌ನಲ್ಲಿ ಸುಲಭವಾಗಿ ಸಿಗುತ್ತವೆ. 'ಬೆಚ್ಚಗಿನ ದಕ್ಷಿಣದ ತೋಟಗಳಿಗೂ ಹೊಂದಿಕೊಳ್ಳುತ್ತದೆ' ಎಂಬ ಮಾತೂ ವಿದೇಶಿ ತೋಟಗಾರಿಕೆ ಬರಹಗಳಲ್ಲಿ ಕಾಣಸಿಗುತ್ತದೆ. ಹಾಗಾದರೆ ಘಾಟ್ಕೋಪರ್‌ನ ಬಾಲ್ಕನಿಯಲ್ಲಿ, ಡೊಂಬಿವಲಿಯ ಟೆರೇಸಿನಲ್ಲಿ, ವಸಯಿಯ ಅಂಗಳದಲ್ಲಿ ಇದನ್ನು ಬೆಳೆಸಬಹುದೇ?

ಗಿಡ ಕೆಲಕಾಲ ಬದುಕಬಹುದು. ಆದರೆ ಹೂವಿನ ಆಸೆ ಬಿಡಬೇಕು. ಇದಕ್ಕೆ ಗೊಬ್ಬರದ ಕೊರತೆ ಕಾರಣವಲ್ಲ, ನಿಮ್ಮ ಆರೈಕೆಯಲ್ಲಿ ಲೋಪವೂ ಇಲ್ಲ. ಹೂ ಬಿಡಲು ಈ ಗಿಡಕ್ಕೆ ಬೇಕಾದಷ್ಟು ಚಳಿ ಮುಂಬೈನಲ್ಲಿ ಇಲ್ಲವೇ ಇಲ್ಲ. ಹಾಗೆಂದು ಬೇಸರಪಡಬೇಕಿಲ್ಲ. ಜಪಾನಿನಲ್ಲಿ ಚಳಿ ಮಾಡುವ ಕೆಲಸವನ್ನು ನಮ್ಮಲ್ಲಿ ಒಣಹವೆ ಮಾಡುತ್ತದೆ. ಇದನ್ನು ಅರ್ಥ ಮಾಡಿಕೊಂಡರೆ ಬಾಲ್ಕನಿಯಲ್ಲೂ ಕೊಂಬೆ ತುಂಬ ಹೂ ಕಾಣಬಹುದು.

ಕ್ವಿನ್ಸ್ ಎಂದರೆ ಯಾವ ಗಿಡ?

ಈ ಹೆಸರಿನಲ್ಲಿ ಮೂರು ಬೇರೆ ಬೇರೆ ಗಿಡಗಳಿವೆ. ಕೊಳ್ಳುವಾಗ ಗೊಂದಲ ಆಗುವುದೂ ಇಲ್ಲಿಯೇ.

ಮೊದಲನೆಯದು ಫ್ಲವರಿಂಗ್ ಕ್ವಿನ್ಸ್. ಸಸ್ಯಶಾಸ್ತ್ರದಲ್ಲಿ ಇದು ಕೀನೊಮಿಲೀಸ್ ಕುಲಕ್ಕೆ, ಗುಲಾಬಿ ಕುಟುಂಬಕ್ಕೆ ಸೇರಿದೆ. ಮೂಲ ಪೂರ್ವ ಏಷ್ಯಾ. ಜಪಾನಿನಲ್ಲಿ ಇದಕ್ಕೆ 'ಬೊಕೆ' ಎನ್ನುತ್ತಾರೆ. ಮುಳ್ಳಿನ ಪೊದೆ, ಚಳಿಗಾಲದ ಕೊನೆಯಲ್ಲಿ ಎಲೆಗೆ ಮೊದಲೇ ಹೂ. ಕಾಯಿ ಗಟ್ಟಿ, ಹುಳಿ. ಬೇಯಿಸಿ ಜಾಮ್, ಜೆಲ್ಲಿ ಮಾಡುತ್ತಾರೆ.

ಎರಡನೆಯದು ಹಣ್ಣಿನ ಕ್ವಿನ್ಸ್. ಇದೊಂದು ಸಣ್ಣ ಮರ. ಕಾಶ್ಮೀರದಲ್ಲಿ 'ಬಮ್‌ಚೂಂಠ್' ಎಂದು ಕರೆದು ಅಡುಗೆಗೆ ಬಳಸುತ್ತಾರೆ. ಯುನಾನಿ ಔಷಧ ಅಂಗಡಿಗಳಲ್ಲಿ ಸಿಗುವ ಬಿಹಿದಾನಾ ಇದರ ಬೀಜವೇ.

ಮೂರನೆಯದು ನಮಗೆಲ್ಲ ಗೊತ್ತಿರುವ ಬಿಲ್ವ! ಇಂಗ್ಲಿಷಿನಲ್ಲಿ ಬಿಲ್ವಕ್ಕೆ 'ಬೆಂಗಾಲ್ ಕ್ವಿನ್ಸ್' ಎಂಬ ಹಳೆಯ ಹೆಸರಿದೆ. ಆದರೆ ಬಿಲ್ವ ನಿಂಬೆ ಕುಟುಂಬದ ಮರ. ಮೇಲಿನ ಎರಡಕ್ಕೂ ಇದಕ್ಕೂ ಸಂಬಂಧವಿಲ್ಲ. ಹೀಗಾಗಿ 'ಕ್ವಿನ್ಸ್ ಭಾರತದಲ್ಲಿ ಚೆನ್ನಾಗಿ ಬೆಳೆಯುತ್ತದೆ' ಎಂದು ಎಲ್ಲಾದರೂ ಓದಿದರೆ ಅದು ಯಾವ ಕ್ವಿನ್ಸ್ ಎಂದು ಮೊದಲು ನೋಡಿ.

'ದಕ್ಷಿಣದ ತೋಟ' ಎಂದರೆ ಯಾವ ದಕ್ಷಿಣ?

ಅಮೆರಿಕದ ತೋಟಗಾರಿಕೆ ಬರಹಗಳಲ್ಲಿ ದಕ್ಷಿಣ ಎಂದರೆ ಜಾರ್ಜಿಯಾ, ಅಲಬಾಮಾದಂಥ ರಾಜ್ಯಗಳು. ಅಲ್ಲಿ ಬೇಸಿಗೆ ನಮ್ಮಂತೆಯೇ ಸುಡುತ್ತದೆ, ನಿಜ. ಆದರೆ ಚಳಿಗಾಲದಲ್ಲಿ ಉಷ್ಣಾಂಶ ಸೊನ್ನೆಗೆ ಇಳಿಯುವ ರಾತ್ರಿಗಳೂ ಇರುತ್ತವೆ. ಆ ರಾತ್ರಿಗಳೇ ಕ್ವಿನ್ಸ್‌ಗೆ ಸಾಕಾಗುತ್ತವೆ.

ಅಮೆರಿಕದ ಕೃಷಿ ಇಲಾಖೆ ವರ್ಷದ ಅತಿ ಕಡಿಮೆ ಉಷ್ಣಾಂಶದ ಸರಾಸರಿ ನೋಡಿ ಪ್ರದೇಶಗಳನ್ನು 1ರಿಂದ 13ರವರೆಗೆ ವಲಯಗಳಾಗಿ ವಿಂಗಡಿಸಿದೆ. ಸಂಖ್ಯೆ ಹೆಚ್ಚಾದಂತೆ ಚಳಿ ಕಡಿಮೆ. ಫ್ಲವರಿಂಗ್ ಕ್ವಿನ್ಸ್‌ಗೆ ಸಾಮಾನ್ಯವಾಗಿ ಹೇಳುವುದು 5ರಿಂದ 8 ಅಥವಾ 9ನೇ ವಲಯ. ಅದೇ ಅಳತೆಗೋಲಿನಲ್ಲಿ ಮುಂಬೈ 12ನೇ ವಲಯದಲ್ಲಿ ಬರುತ್ತದೆ. ಅವರ 'ಬೆಚ್ಚಗಿನ ದಕ್ಷಿಣ'ಕ್ಕೂ ನಮ್ಮ ಕರಾವಳಿಗೂ ಇರುವ ದೂರ ಇಷ್ಟು.

ಹೂ ಬಿಡಲು ಚಳಿ ಏಕೆ ಬೇಕು?

ಕ್ವಿನ್ಸ್‌ನ ಹೂಮೊಗ್ಗು ವಸಂತದಲ್ಲಿ ಹುಟ್ಟುವುದಿಲ್ಲ. ಹಿಂದಿನ ಬೇಸಿಗೆಯಲ್ಲೇ ಕೊಂಬೆಯ ಮೇಲೆ ರೂಪುಗೊಂಡಿರುತ್ತದೆ. ಶರತ್ಕಾಲದಲ್ಲಿ ಹಗಲು ಚಿಕ್ಕದಾಗಿ ಚಳಿ ಶುರುವಾದಾಗ ಗಿಡ ಎಲೆ ಉದುರಿಸಿ ಮೊಗ್ಗಿಗೆ ಬೀಗ ಹಾಕುತ್ತದೆ. ಇದು ಗಿಡದ ಆತ್ಮರಕ್ಷಣೆ. ಚಳಿಗಾಲದ ನಡುವೆ ನಾಲ್ಕು ದಿನ ಬಿಸಿಲು ಬಂದಿತೆಂದು ಅರಳಿಬಿಟ್ಟರೆ, ಮುಂದಿನ ವಾರದ ಹಿಮಕ್ಕೆ ಹೂವೆಲ್ಲ ಸುಟ್ಟುಹೋಗುತ್ತದೆ.

ಹಾಗಾಗಿ ಸಾಕಷ್ಟು ಚಳಿ ಕಳೆಯುವವರೆಗೆ ಆ ಬೀಗ ತೆರೆಯುವುದಿಲ್ಲ. ಈ ಚಳಿಯನ್ನು ವಿಜ್ಞಾನಿಗಳು ಗಂಟೆಗಳಲ್ಲಿ ಅಳೆಯುತ್ತಾರೆ. ಉಷ್ಣಾಂಶ ಸೊನ್ನೆಯಿಂದ 7.2 ಡಿಗ್ರಿ ಸೆಲ್ಸಿಯಸ್ ನಡುವೆ ಇದ್ದ ಪ್ರತಿ ಗಂಟೆಯೂ ಒಂದು 'ಚಳಿಗಂಟೆ'. ಸೇಬು, ಪೀಚ್, ಪ್ಲಮ್, ಚೆರ್ರಿ ಎಲ್ಲಕ್ಕೂ ಇದೇ ಲೆಕ್ಕ. ಕಾಶ್ಮೀರ, ಹಿಮಾಚಲದ ಸಾಂಪ್ರದಾಯಿಕ ಸೇಬಿನ ತಳಿಗಳಿಗೆ ಸಾವಿರದ ಆಸುಪಾಸು ಚಳಿಗಂಟೆ ಬೇಕು. ಕ್ವಿನ್ಸ್‌ಗೆ ಅದಕ್ಕಿಂತ ಕಡಿಮೆ ಸಾಕು. ಆದರೆ ಸೊನ್ನೆ ಸಾಲದು.

ಚಳಿ ಸಿಗದಿದ್ದರೆ ಗಿಡ ಒಮ್ಮೆಲೇ ಸಾಯುವುದಿಲ್ಲ. ಎಲೆ ಅಲ್ಲೊಂದು ಇಲ್ಲೊಂದು ಚಿಗುರುತ್ತದೆ, ಮೊಗ್ಗುಗಳು ಒಣಗಿ ಉದುರುತ್ತವೆ, ವರ್ಷದಿಂದ ವರ್ಷಕ್ಕೆ ಗಿಡ ಸೊರಗುತ್ತದೆ.

ಮುಂಬೈನಲ್ಲಿ ಚಳಿಗಂಟೆ ಎಷ್ಟು?

ಮುಂಬೈನ ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ ದಾಖಲಾದ ಸಾರ್ವಕಾಲಿಕ ಕನಿಷ್ಠ ಉಷ್ಣಾಂಶ 7.4 ಡಿಗ್ರಿ. ಅದು 1962ರ ಜನವರಿ 22ರಂದು. ಅದೇ ದಿನ ಕೊಲಾಬಾ ಕೇಂದ್ರದಲ್ಲಿ 11.7 ಡಿಗ್ರಿ ಇತ್ತು. ಚಳಿಗಂಟೆಯ ಗಡಿ 7.2 ಡಿಗ್ರಿ. ಅಂದರೆ ದಾಖಲೆಯ ಆ ರಾತ್ರಿಯೂ ಒಂದೇ ಒಂದು ಚಳಿಗಂಟೆ ಲೆಕ್ಕಕ್ಕೆ ಬರಲಿಲ್ಲ!

ಹಗಲಿನ ಬಿಸಿಲು ಇನ್ನೊಂದು ತೊಡಕು. ಅಮೆರಿಕದ ಯೂಟಾದಲ್ಲಿ 1974ರಲ್ಲಿ ರೂಪಿಸಿದ ಲೆಕ್ಕಾಚಾರದ ಪ್ರಕಾರ 16 ಡಿಗ್ರಿಗಿಂತ ಹೆಚ್ಚಿನ ಉಷ್ಣಾಂಶವು ಅದುವರೆಗೆ ಸಂಗ್ರಹವಾದ ಚಳಿಯನ್ನು ಅಳಿಸುತ್ತ ಹೋಗುತ್ತದೆ. ಮುಂಬೈನಲ್ಲಿ ಜನವರಿಯ ಮಧ್ಯಾಹ್ನವೂ 30 ಡಿಗ್ರಿಯ ಹತ್ತಿರ ಇರುತ್ತದೆ. ರಾತ್ರಿ ಕೂಡಿಟ್ಟಿದ್ದನ್ನು ಹಗಲು ಖರ್ಚು ಮಾಡಿದ ಹಾಗೆ.

ಊರಿಗೆ ಕಳಿಸಿ ಬೆಳೆಸೋಣ ಎಂದರೂ ಲೆಕ್ಕ ಹೆಚ್ಚು ಬದಲಾಗದು. ಬೆಂಗಳೂರಿನ ಸಾರ್ವಕಾಲಿಕ ಕನಿಷ್ಠ ಉಷ್ಣಾಂಶ 7.8 ಡಿಗ್ರಿ, 1884ರ ಜನವರಿ 13ರಂದು ದಾಖಲಾಗಿದ್ದು. ಮಂಗಳೂರು, ಉಡುಪಿಯ ಕಡಲತೀರದ ಮಾತು ಕೇಳುವುದೇ ಬೇಡ. ಮಹಾಬಲೇಶ್ವರದ ವೆಣ್ಣಾ ಕೆರೆಯ ಬಳಿ ಚಳಿಗಾಲದ ಕೆಲವು ಬೆಳಗ್ಗೆ ಇಬ್ಬನಿ ಹೆಪ್ಪುಗಟ್ಟುವುದುಂಟು. ಆದರೆ ಅದು ಬೆರಳೆಣಿಕೆಯ ದಿನಗಳ ಮಾತು, ಗಿಡಕ್ಕೆ ಬೇಕಿರುವುದು ವಾರಗಟ್ಟಲೆ ಚಳಿ.

ಚಳಿಯ ನಂತರ ಎರಡನೇ ಅಡ್ಡಿ ಮಳೆ. ಮುಂಬೈಗೆ ವರ್ಷಕ್ಕೆ ಬೀಳುವ 2,000 ಮಿ.ಮೀ. ದಾಟಿದ ಮಳೆಯಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ನೀರು ನಿಂತರೆ ಕ್ವಿನ್ಸ್‌ನ ಬೇರು ಕೊಳೆಯುತ್ತದೆ. ತೇವದ ಹವೆಯಲ್ಲಿ ಎಲೆಚುಕ್ಕೆ ರೋಗವೂ ಕಾಡುತ್ತದೆ.

ಫ್ರಿಜ್, ಐಸ್, ಏಸಿ ಸಹಾಯ ಮಾಡುತ್ತವೆಯೇ?

ಕುಂಡಕ್ಕೆ ದಿನವೂ ಐಸ್ ತುಂಡು ಹಾಕಿ ಎಂಬ ಸಲಹೆ ಕೇಳಿರಬಹುದು. ಆದರೆ ಚಳಿ ತಾಗಬೇಕಾದದ್ದು ಮೊಗ್ಗಿಗೆ, ಬೇರಿಗಲ್ಲ. ಐಸ್ ಕರಗಿದ ಅರ್ಧ ಗಂಟೆಯಲ್ಲಿ ಮೊದಲಿನ ಸ್ಥಿತಿಯೇ. ಏಸಿ ಕೋಣೆಯ 18 ಅಥವಾ 20 ಡಿಗ್ರಿ ನಮಗೆ ಚಳಿ, ಕ್ವಿನ್ಸ್‌ಗೆ ಅಲ್ಲ.

ಫ್ರಿಜ್‌ನಲ್ಲಿ ಬೀಜ ಇಡುವ ಕ್ರಮ ಇದೆ, ಅದು ಸುಳ್ಳಲ್ಲ. ಒದ್ದೆ ಮರಳಿನಲ್ಲಿ ಬೀಜ ಇಟ್ಟು ಕೆಲವು ವಾರ ತಂಪು ಕೊಟ್ಟರೆ ಮೊಳಕೆ ಬರುತ್ತದೆ. ಆದರೆ ಅದು ಮೊಳಕೆಗೆ ಮಾತ್ರ. ಬೆಳೆದ ಗಿಡಕ್ಕೆ ಹೂ ಬಿಡಲು ಪ್ರತಿ ವರ್ಷವೂ ಹೊಸದಾಗಿ ಚಳಿ ಬೇಕು.

ಸೇಬು, ಗುಲಾಬಿ ಬೆಳೆಯುತ್ತವಲ್ಲ, ಇದೇಕೆ ಇಲ್ಲ?

ಒಳ್ಳೆಯ ಪ್ರಶ್ನೆ. ಎರಡೂ ಕ್ವಿನ್ಸ್‌ನ ಕುಟುಂಬದವೇ.

ಬಯಲುಸೀಮೆಯಲ್ಲಿ ಸೇಬು ಬೆಳೆದ ಸುದ್ದಿಗಳ ಹಿಂದೆ ಇರುವುದು ಕಡಿಮೆ ಚಳಿ ಸಾಕಾಗುವ ವಿಶೇಷ ತಳಿಗಳು. ಇಸ್ರೇಲ್‌ನ 'ಅನ್ನಾ', ಬಹಾಮಾಸ್‌ನ 'ಡಾರ್ಸೆಟ್ ಗೋಲ್ಡನ್' ಅಂಥವು. ನಮ್ಮದೇ ದೇಶದ 'ಎಚ್‌ಆರ್‌ಎಂಎನ್-99' ತಳಿಯನ್ನು ಹಿಮಾಚಲ ಪ್ರದೇಶದ ಬಿಲಾಸ್‌ಪುರ ಜಿಲ್ಲೆಯ ರೈತ ಹರಿಮನ್ ಶರ್ಮಾ ಅಭಿವೃದ್ಧಿಪಡಿಸಿದರು. ಅವರಿಗೆ 2025ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಕಡಿಮೆ ಚಳಿ ಸಾಕು ಎಂಬುದು ಆ ತಳಿಗಳ ಗುಣ, ಎಲ್ಲ ಸೇಬಿನ ಗುಣವಲ್ಲ. ತಳಿಯ ಹೆಸರೇ ಇಲ್ಲದೆ ಬರುವ ಕ್ವಿನ್ಸ್ ಸಸಿಯಿಂದ ಅದನ್ನು ನಿರೀಕ್ಷಿಸಲಾಗದು.

ಗುಲಾಬಿಯ ಕತೆ ಬೇರೆ. ಇಂದಿನ ತೋಟದ ಗುಲಾಬಿಗಳಲ್ಲಿ ಚೀನಾದ ಗುಲಾಬಿಗಳ ರಕ್ತವಿದೆ. ಅವು ಹೊಸ ಚಿಗುರಿನ ತುದಿಯಲ್ಲಿ ವರ್ಷಕ್ಕೆ ಹಲವು ಸಲ ಹೂ ಬಿಡುತ್ತವೆ, ಚಳಿಗಾಗಿ ಕಾಯುವುದಿಲ್ಲ. ಕ್ವಿನ್ಸ್ ಹೂ ಬಿಡುವುದು ಹಳೆಯ ಕೊಂಬೆಯಲ್ಲಿ, ಅದೂ ಚಳಿ ಕಳೆದ ಮೇಲೆ.

ನಮ್ಮಲ್ಲಿ ಚಳಿಯ ಕೆಲಸ ಮಾಡುವುದು ಒಣಹವೆ

ಫೆಬ್ರವರಿ, ಮಾರ್ಚ್‌ನಲ್ಲಿ ವಿಕ್ರೋಲಿಯ ಬಳಿ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯಲ್ಲಿ ಹೋದವರಿಗೆ ಇದನ್ನು ವಿವರಿಸಬೇಕಿಲ್ಲ. ರಸ್ತೆ ಬದಿಯ ಟಬೆಬುಯಾ ಮರಗಳು ಎಲೆ ಕಳಚಿ ಗುಲಾಬಿ ಹೂ ಹೊತ್ತು ನಿಂತಿರುತ್ತವೆ. ಬೆಂಗಳೂರಿನ ರಸ್ತೆಗಳನ್ನು ಗುಲಾಬಿ ಮಾಡುವುದೂ ಇದೇ ಮರ. ಅದೇ ಹೊತ್ತಿಗೆ ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ ಮುತ್ತುಗ, ಹಾಲವಾಣ, ಬೂರುಗ ಬರಿಗೊಂಬೆಯ ಮೇಲೆ ಕೆಂಪಾಗಿ ಅರಳುತ್ತವೆ. ನೋಟ ಕ್ವಿನ್ಸ್‌ನದೇ. ಆದರೆ ಇವುಗಳಿಗೆ ಸೂಚನೆ ಕೊಡುವುದು ಹಿಮವಲ್ಲ. ಅಕ್ಟೋಬರ್‌ನಲ್ಲಿ ಮಳೆ ನಿಂತು, ಮಣ್ಣು ಒಣಗಿ, ಎಲೆಗಳು ಉದುರುವ ಆ ಕಾಲವೇ ಸೂಚನೆ.

ನಮ್ಮ ರೈತರಿಗೆ ಈ ವಿದ್ಯೆ ಹೊಸದಲ್ಲ. ಸೊಲ್ಲಾಪುರ, ನಾಸಿಕ್, ವಿಜಯಪುರ, ಬಾಗಲಕೋಟೆಯ ದಾಳಿಂಬೆ ತೋಟಗಳಲ್ಲಿ ಹಂಗಾಮಿಗೆ ಮುನ್ನ ನೀರು ನಿಲ್ಲಿಸುತ್ತಾರೆ. ಎಲೆ ಹಳದಿಯಾಗಿ ಉದುರುತ್ತದೆ. ನಂತರ ಚಾಟ್ನಿ ಮಾಡಿ, ಗೊಬ್ಬರ ಕೊಟ್ಟು ನೀರು ಹಾಯಿಸಿದರೆ ಗಿಡ ಒಟ್ಟಿಗೇ ಹೂ ಬಿಡುತ್ತದೆ. ಇದಕ್ಕೆ ಬಹಾರ್ ಹಿಡಿಸುವುದು ಎನ್ನುತ್ತಾರೆ. ಅಂಬೆ ಬಹಾರ್, ಮೃಗ ಬಹಾರ್, ಹಸ್ತ ಬಹಾರ್ ಎಂದು ಕಾಲಕ್ಕೆ ತಕ್ಕ ಹೆಸರುಗಳೂ ಇವೆ. ಬಾಲ್ಕನಿಯ ಕುಂಡದಲ್ಲೂ ಮಾಡಬೇಕಿರುವುದು ಇದರ ಚಿಕ್ಕ ರೂಪವನ್ನೇ.

ಕ್ವಿನ್ಸ್ ಬದಲು ಯಾವ ಗಿಡ?

ಬೋಗನ್‌ವಿಲ್ಲಾ: ಕ್ವಿನ್ಸ್‌ಗೆ ಅತಿ ಹತ್ತಿರದ ಬದಲಿ. ಮುಳ್ಳಿದೆ, ಒಣಗಾಲದಲ್ಲಿ ಎಲೆ ಕಡಿಮೆಯಾಗಿ ಬಣ್ಣ ತುಂಬುತ್ತದೆ. ನಾವು ಹೂ ಎನ್ನುವುದು ವಾಸ್ತವವಾಗಿ ಬಣ್ಣದ ಎಲೆಗಳು. ನಿಜವಾದ ಹೂ ನಡುವಿನ ಸಣ್ಣ ಬಿಳಿ ಕೊಳವೆ. ದಿನಕ್ಕೆ 5-6 ಗಂಟೆ ನೇರ ಬಿಸಿಲು ಬೇಕು. ನೀರು ಹೆಚ್ಚಾದರೆ ಬರೀ ಎಲೆ. ಚಿಗುರು ಸ್ವಲ್ಪ ಬಾಡುವವರೆಗೆ ಕಾದು ನೀರು ಕೊಡುವುದೇ ಗುಟ್ಟು.

ಕೇಪಳ: ಕರಾವಳಿಯವರಿಗೆ ಮನೆಯಂಗಳದ ಗಿಡ. ಕೆಂಪು ಗೊಂಚಲು ಹೂ, ಪೂಜೆಗೂ ಬರುತ್ತದೆ. ದಕ್ಷಿಣ ಭಾರತದ್ದೇ ಮೂಲವಾದ್ದರಿಂದ ಮುಂಬೈ ಮಳೆಗೆ ಹೆದರುವುದಿಲ್ಲ. ಹುಳಿ ಗುಣದ ಕೆಂಪು ಮಣ್ಣು ಇಷ್ಟ. ಸಿಮೆಂಟ್ ಗೋಡೆಯ ಸುಣ್ಣದ ಅಂಶ ಕುಂಡಕ್ಕೆ ಸೇರಿದರೆ ಎಲೆ ಹಳದಿಯಾಗುತ್ತದೆ. ಇದಕ್ಕೆ ನೀರು ತಪ್ಪಿಸಬೇಡಿ.

ಮಲ್ಲಿಗೆ: ಉಡುಪಿ ಜಿಲ್ಲೆಯ ಶಂಕರಪುರದಿಂದ ಮುಂಬೈಗೆ ಬರುವ ಮಲ್ಲಿಗೆಯ ಅಟ್ಟೆಗೆ ಹಬ್ಬದ ದಿನ ಎಷ್ಟು ಬೆಲೆ ಎಂದು ಮಾಟುಂಗಾದ ಹೂವಿನಂಗಡಿಗೆ ಹೋಗುವವರಿಗೆ ಗೊತ್ತು. ಉಡುಪಿ, ಮೈಸೂರು, ಹಡಗಲಿ ಮಲ್ಲಿಗೆಗಳಿಗೆ ಭೌಗೋಳಿಕ ಸೂಚಿಕೆ ಮಾನ್ಯತೆಯೂ ಇದೆ. ಮಲ್ಲಿಗೆ ಮೊಗ್ಗು ಬರುವುದು ಹೊಸ ಚಿಗುರಿನಲ್ಲಿ. ಆದ್ದರಿಂದ ಮಳೆ ಮುಗಿದ ಮೇಲೆ ಗೆಲ್ಲು ಸವರಿದಷ್ಟೂ ಹೂ ಹೆಚ್ಚು. ಬಿಸಿಲು ಬೇಕೇ ಬೇಕು.

ಅಡೆನಿಯಂ: ದಪ್ಪ ಬುಡ, ಗುಲಾಬಿ ಬಣ್ಣದ ಹೂ, ಸಣ್ಣ ಕುಂಡ ಸಾಕು. ಸೆಕೆಗಾಲದಲ್ಲಿ ಚೆನ್ನಾಗಿ ಅರಳುತ್ತದೆ. ಮಳೆಗಾಲದಲ್ಲಿ ನೀರು ತಾಗದ ಜಾಗದಲ್ಲಿ ಇಡಿ, ಇಲ್ಲವಾದರೆ ಬುಡ ಕೊಳೆಯುತ್ತದೆ. ಹಾಲು ವಿಷಕಾರಿ. ಮಕ್ಕಳು, ಸಾಕುಪ್ರಾಣಿ ಇರುವ ಮನೆಯಲ್ಲಿ ಎಚ್ಚರ ಇರಲಿ.

ಯುಫೋರ್ಬಿಯಾ ಮಿಲಿ: ಮುಳ್ಳು ತುಂಬಿದ ಪುಟ್ಟ ಗಿಡ, ವರ್ಷದ ಬಹುಕಾಲ ಕೆಂಪು, ಗುಲಾಬಿ ಹೂ. ವರ್ಲಿ, ಬಾಂದ್ರಾ, ಜುಹುವಿನಂಥ ಕಡಲ ಗಾಳಿಯ ಜಾಗಕ್ಕೂ ಒಗ್ಗುತ್ತದೆ. ಇದರ ಹಾಲೂ ಚರ್ಮಕ್ಕೆ ಉರಿ ತರುತ್ತದೆ, ಕತ್ತರಿಸುವಾಗ ಕೈಗವಸು ಹಾಕಿಕೊಳ್ಳಿ.

ಬಾಲ್ಕನಿ ಯಾವ ದಿಕ್ಕಿಗೆ?

ದಕ್ಷಿಣದ ಬಾಲ್ಕನಿಗೆ ಚಳಿಗಾಲದ ಓರೆ ಬಿಸಿಲು ಚೆನ್ನಾಗಿ ಸಿಗುತ್ತದೆ. ಬೋಗನ್‌ವಿಲ್ಲಾಗೆ ಇದೇ ಉತ್ತಮ. ಪೂರ್ವ, ಪಶ್ಚಿಮದ ಬಾಲ್ಕನಿಗೆ ಅರ್ಧ ದಿನದ ಬಿಸಿಲು ಬರುತ್ತದೆ. ಎದುರು ಕಟ್ಟಡ ಅಡ್ಡ ಇಲ್ಲದಿದ್ದರೆ ಕೇಪಳ, ಮಲ್ಲಿಗೆ ಬೆಳೆಸಬಹುದು. ಉತ್ತರದ ಬಾಲ್ಕನಿಗೆ ನೆತ್ತಿಯ ಸೂರ್ಯ ಉತ್ತರಕ್ಕೆ ಸರಿಯುವುದು ಮೇ ಮಧ್ಯದಿಂದ ಜುಲೈ ಕೊನೆಯವರೆಗೆ ಮಾತ್ರ. ಅದರಲ್ಲೂ ಅರ್ಧ ಕಾಲ ಮೋಡ. ಅಲ್ಲಿ ಹೂಗಿಡದ ಆಸೆ ಬಿಟ್ಟು ಎಲೆಯ ಚೆಲುವಿನ ಗಿಡಗಳನ್ನು ಇಡುವುದೇ ಲೇಸು.

ತಿಂಗಳವಾರು ಏನು ಮಾಡಬೇಕು?

ಅಕ್ಟೋಬರ್: ಮುಂಬೈನಿಂದ ಮುಂಗಾರು ಮರಳುವ ಸಾಮಾನ್ಯ ದಿನ ಅಕ್ಟೋಬರ್ 8. ಮಳೆ ನಿಂತ ಮೇಲೆ ಗೆಲ್ಲು ಸವರಿ, ಮೇಲಿನ ಎರಡು ಇಂಚು ಮಣ್ಣು ತೆಗೆದು ಹೊಸ ಮಣ್ಣು, ಕಾಂಪೋಸ್ಟ್ ಹಾಕಿ.

ನವೆಂಬರ್-ಡಿಸೆಂಬರ್: ಹೊಸ ಚಿಗುರಿನ ಕಾಲ. 15 ದಿನಕ್ಕೊಮ್ಮೆ ತೆಳುವಾಗಿ ಗೊಬ್ಬರ ಕೊಡಿ. ಸಾರಜನಕ ಅತಿಯಾದರೆ ಎಲೆ ಮಾತ್ರ ಬರುತ್ತದೆ.

ಜನವರಿ: ಬೋಗನ್‌ವಿಲ್ಲಾಗೆ ನೀರು ಕಡಿಮೆ ಮಾಡಿ. ಮಣ್ಣು ಪೂರ್ತಿ ಒಣಗಿದ ಮೇಲೆ ಮಾತ್ರ ನೀರು. ಮೊಗ್ಗು ಕಂಡ ಮೇಲೆ ಮತ್ತೆ ನಿಯಮಿತವಾಗಿ ಕೊಡಿ.

ಫೆಬ್ರವರಿಯಿಂದ ಮೇ: ಹೂವಿನ ಕಾಲ. ಮಲ್ಲಿಗೆಗೆ ದಿನವೂ ನೀರು ಬೇಕಾಗಬಹುದು.

ಜೂನ್‌ನಿಂದ ಸೆಪ್ಟೆಂಬರ್: ಮುಂಬೈಗೆ ಮುಂಗಾರು ತಲುಪುವ ಸಾಮಾನ್ಯ ದಿನ ಜೂನ್ 11. ಅದಕ್ಕೂ ಮೊದಲೇ ಕುಂಡದ ತಳದ ರಂಧ್ರ ಮುಚ್ಚಿಲ್ಲ ಎಂದು ಖಚಿತಪಡಿಸಿಕೊಳ್ಳಿ. ಕುಂಡವನ್ನು ಇಟ್ಟಿಗೆ ತುಂಡಿನ ಮೇಲೆ ಎತ್ತಿಡಿ. ಬೋಗನ್‌ವಿಲ್ಲಾ, ಕೇಪಳದ ಕಡ್ಡಿ ನೆಟ್ಟು ಹೊಸ ಗಿಡ ಮಾಡಿಕೊಳ್ಳಲು ಇದೇ ಒಳ್ಳೆಯ ಸಮಯ.

ಸೊಳ್ಳೆ ಮತ್ತು ಭಾರದ ಬಗ್ಗೆ ಎಚ್ಚರ

ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರು ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಗೆ ತವರು. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು 8ರಿಂದ 10 ದಿನ ಸಾಕು. ಹಾಗಾಗಿ ವಾರಕ್ಕೊಮ್ಮೆ ತಟ್ಟೆ ಖಾಲಿ ಮಾಡಿ, ಉಜ್ಜಿ ಒಣಗಿಸಿ. ಮಳೆಗಾಲದಲ್ಲಿ ತಟ್ಟೆಯನ್ನೇ ತೆಗೆದುಬಿಡುವುದು ಇನ್ನೂ ಒಳ್ಳೆಯದು. ಮನೆಗಳಲ್ಲಿ ಸೊಳ್ಳೆ ಉತ್ಪತ್ತಿ ತಾಣ ಸಿಕ್ಕರೆ ಮುಂಬೈ ಮಹಾನಗರ ಪಾಲಿಕೆ ನೋಟಿಸ್ ಕೊಡುತ್ತದೆ.

12 ಇಂಚಿನ ಕುಂಡದ ಮಣ್ಣು ಮಳೆಯಲ್ಲಿ ನೆನೆದರೆ ತೂಕ 20 ಕೆ.ಜಿ. ದಾಟುತ್ತದೆ. ಕಿಟಕಿಯ ಗ್ರಿಲ್ ಮೇಲೆ, ಕಟಾಂಜನದ ಹೊರಗೆ ಇಂಥ ಕುಂಡ ಬೇಡ. ಗಾಳಿಗೆ ಬಿದ್ದರೆ ಕೆಳಗೆ ನಡೆಯುವವರ ಪ್ರಾಣಕ್ಕೆ ಕುತ್ತು. ಮಣ್ಣಿನ ಮೂರನೇ ಒಂದು ಪಾಲು ಕೋಕೋಪೀಟ್ ಬೆರೆಸಿದರೆ ಭಾರ ಇಳಿಯುತ್ತದೆ. ಅಡೆನಿಯಂಗೆ ಮಾತ್ರ ಕೋಕೋಪೀಟ್ ಕಡಿಮೆ, ಮರಳು ಜಾಸ್ತಿ ಇರಲಿ.

ಸಸಿ ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆಗಳು

* ಗಿಡದ ಸಸ್ಯಶಾಸ್ತ್ರೀಯ ಹೆಸರು, ತಳಿಯ ಹೆಸರು ಏನು?
* ಈ ಸಸಿ ಬೆಳೆದದ್ದು ಎಲ್ಲಿ? ಬೆಟ್ಟದ ನರ್ಸರಿಯಲ್ಲೋ, ಕರಾವಳಿಯಲ್ಲೋ?
* ಮುಂಬೈ, ಠಾಣೆ, ಪಾಲ್ಘರ್ ಭಾಗದಲ್ಲಿ ಹೂ ಬಿಟ್ಟ ಗಿಡ ತೋರಿಸಬಲ್ಲಿರಾ?
* ಕಡಿಮೆ ಚಳಿಯ ತಳಿ ಎನ್ನುವುದಾದರೆ ಎಷ್ಟು ಚಳಿಗಂಟೆ ಬೇಕು?

ಇವಕ್ಕೆ ಉತ್ತರ ಸಿಗದಿದ್ದರೆ ಹಣ ಉಳಿಸಿಕೊಳ್ಳಿ. ಸಾಧ್ಯವಾದರೆ ಹತ್ತಿರದ ನರ್ಸರಿಗೆ ಹೋಗಿ ಹೂ ಬಿಟ್ಟಿರುವ ಗಿಡವನ್ನೇ ಆರಿಸಿ. ಬೈಕಲಾದ ವೀರಮಾತಾ ಜೀಜಾಬಾಯಿ ಭೋಸಲೆ ಉದ್ಯಾನ, ಅಂದರೆ 1862ರಲ್ಲಿ ತೆರೆದ ರಾಣಿ ಬಾಗ್‌ನಲ್ಲಿ ಪಾಲಿಕೆಯ ಹೂವಿನ ಪ್ರದರ್ಶನ ನಡೆಯುತ್ತದೆ. ಈ ಊರಿನ ಹವೆಗೆ ಏನು ಒಗ್ಗುತ್ತದೆ ಎಂದು ಕಣ್ಣಾರೆ ನೋಡಲು ಅದು ಒಳ್ಳೆಯ ಅವಕಾಶ.

ಈಗಾಗಲೇ ಕ್ವಿನ್ಸ್ ತಂದಿದ್ದರೆ?

ಎಸೆಯಬೇಕಿಲ್ಲ. ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು, ನೀರು ಬಸಿಯುವ ಮಣ್ಣು ಕೊಟ್ಟರೆ ಎಲೆಯ ಗಿಡವಾಗಿ ಕೆಲಕಾಲ ಉಳಿಯಬಹುದು. ಹೂ ಬರಲಿಲ್ಲವೆಂದು ಮತ್ತೆ ಮತ್ತೆ ಗೊಬ್ಬರ ಸುರಿಯಬೇಡಿ, ಅದರಿಂದ ಬೇರು ಸುಡುತ್ತದೆಯೇ ಹೊರತು ಮೊಗ್ಗಿನ ಬೀಗ ತೆರೆಯದು. ಹಿಮಾಚಲ, ಉತ್ತರಾಖಂಡದ ಬೆಟ್ಟದೂರಿನಲ್ಲಿ ನೆಂಟರೋ ಸ್ನೇಹಿತರೋ ಇದ್ದರೆ ಅವರಿಗೆ ಕೊಡಿ. ಒಂದೆರಡು ಚಳಿಗಾಲ ಕಳೆದರೆ ಅಲ್ಲಿ ಅದು ಅರಳಬಹುದು. ಖಾಲಿಯಾದ ಕುಂಡಕ್ಕೆ ಮಳೆ ಶುರುವಾದ ಮೇಲೆ ಪಕ್ಕದ ಮನೆಯವರಿಂದ ಒಂದು ಕಡ್ಡಿ ಬೋಗನ್‌ವಿಲ್ಲಾ ಕೇಳಿ ತಂದು ನೆಡಿ. ಅದಕ್ಕೆ ಖರ್ಚೇನೂ ಇಲ್ಲ.